ಮೂಗಿನ ದುರ್ಮಾಂಸ ಮತ್ತೆ ಮತ್ತೆ ಬೆಳೆಯುವುದೇಕೆ? ಸಂಶೋಧನೆಗಳು ಏನು ಹೇಳುತ್ತಿವೆ?

ನಾಪೋಕ್ಲುವಿನ ಕಾಫಿ ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ನನಗೆ ಈಗ 54 ವರ್ಷ. ಮೂಗಿನೊಳಗೆ ದುರ್ಮಾಂಸ ಬೆಳೆದಿದೆ ಎಂದು 2014ರಲ್ಲಿ ಒಮ್ಮೆ, 2020ರ ಆರಂಭದಲ್ಲಿ ಇನ್ನೊಮ್ಮೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಎರಡು ಬಾರಿಯೂ ಕೆಲವು ತಿಂಗಳು ಉಸಿರಾಟ ಸರಾಗವಾಗಿತ್ತು. ಬಳಿಕ ಮೊದಲು ವಾಸನೆ ಹೋಯಿತು, ಆಮೇಲೆ ಮೂಗು ಕಟ್ಟಿತು. ಈಗ ಕಕ್ಕಡ ತಿಂಗಳ ಮುಂಗಾರು ಮಳೆ ಹಿಡಿದ ಮೇಲೆ ರಾತ್ರಿಯಿಡೀ ಬಾಯಲ್ಲೇ ಉಸಿರಾಡುತ್ತೇನೆ. ಕಳೆದ ಮಾರ್ಚ್‌ನಲ್ಲಿ ಹೂ ಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿ ನಿಂತಾಗ ಮನೆಗೆ ಬಂದ ನೆಂಟರು ಅಂಗಳದಲ್ಲಿ ನಿಂತು ಪರಿಮಳದ ಬಗ್ಗೆಯೇ ಮಾತನಾಡುತ್ತಿದ್ದರು. ನನಗೆ ಏನೂ ತಿಳಿಯಲಿಲ್ಲ. ಅದಕ್ಕಿಂತ ಹೆಚ್ಚು ಹೆದರಿಕೆಯಾದದ್ದು, ಅಡುಗೆಮನೆಯಲ್ಲಿ ಗ್ಯಾಸ್ ಸೋರುತ್ತಿದ್ದಾಗ ಪಕ್ಕದಲ್ಲೇ ಕುಳಿತಿದ್ದ ನನಗೆ ಅದು ಗೊತ್ತಾಗದೆ, ಹೊರಗಿನಿಂದ ಬಂದ ಮಗಳು ಓಡಿಹೋಗಿ ಸಿಲಿಂಡರ್ ಮುಚ್ಚಿದಾಗ.

ಸ್ವಲ್ಪ ದಮ್ಮೂ ಇದೆ. ಮೂಗು ತೀರಾ ಕಟ್ಟಿದಾಗ ವರ್ಷಕ್ಕೆ ಎರಡು ಮೂರು ಸಲ ಸ್ಟೀರಾಯ್ಡ್ ಮಾತ್ರೆ ನುಂಗುತ್ತೇನೆ. ನುಂಗಿದ ಮೂರನೇ ದಿನಕ್ಕೆ ವಾಸನೆ ಮರಳುತ್ತದೆ, ಮಾತ್ರೆ ಮುಗಿದ ಕೆಲವು ವಾರಗಳಲ್ಲಿ ಮತ್ತೆ ಹೋಗುತ್ತದೆ. ಮೂರನೆಯ ಶಸ್ತ್ರಚಿಕಿತ್ಸೆ ಮಾಡಿಸಿ ಎಂದು ಒಬ್ಬ ವೈದ್ಯರು, ಹೊಸ ಇಂಜೆಕ್ಷನ್ ಬಂದಿದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಮನೆಯ ಗೋಡೆಯ ಬೂಷ್ಟೇ ಇದಕ್ಕೆಲ್ಲ ಕಾರಣ ಎಂದು ಬಂಧುಗಳು ಹೇಳುತ್ತಾರೆ. ಈ ಕಾಯಿಲೆಯ ಬಗ್ಗೆ ಸಂಶೋಧನೆಗಳು ನಿಜವಾಗಿ ಏನು ಕಂಡುಕೊಂಡಿವೆ ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ವಿರಾಜಪೇಟೆ ಮೂಲದ ಕಿವಿ-ಮೂಗು-ಗಂಟಲು ವೈದ್ಯೆ, ಮೈಸೂರು:

ಸರ್, ಪರೀಕ್ಷಿಸದೆ ನಿಮಗೆ ಇಂಥದೇ ಚಿಕಿತ್ಸೆ ಸರಿ ಎಂದು ನಾನು ಇಲ್ಲಿ ಬರೆಯಲಾರೆ. ಆದರೆ ಈ ಕಾಯಿಲೆಯನ್ನು ವೈದ್ಯಕೀಯವು ನೋಡುವ ಬಗೆಯೇ ಕಳೆದ ಇಪ್ಪತ್ತು ವರ್ಷಗಳಲ್ಲಿ ಬದಲಾಗಿದೆ. ಅದನ್ನು ತಿಳಿದುಕೊಂಡರೆ ನಿಮ್ಮ ವೈದ್ಯರೊಡನೆ ಮಾತನಾಡುವುದು ನಿಮಗೆ ಸುಲಭವಾದೀತು.

ಮೊದಲು ಹೆಸರಿನ ವಿಚಾರ. ‘ದುರ್ಮಾಂಸ’ ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ, ಆದರೆ ಅದು ದಾರಿ ತಪ್ಪಿಸುತ್ತದೆ. ಕತ್ತರಿಸಿ ತೆಗೆದರೆ ಮುಗಿಯಿತು ಎಂಬ ಭಾವನೆ ಆ ಪದದಲ್ಲೇ ಅಡಗಿದೆ. ವೈದ್ಯರು ಪಾಲಿಪ್ ಎಂದು ಕರೆಯುವ ಇದು ಹೊಸದಾಗಿ ಬೆಳೆದ ಮಾಂಸವಲ್ಲ. ಮೂಗು ಮತ್ತು ಸೈನಸ್‌ಗಳ ಒಳಪೊರೆಯೇ ಉರಿಯೂತದಿಂದ ನೀರು ತುಂಬಿಕೊಂಡು, ಸುಲಿದ ದ್ರಾಕ್ಷಿಯಂತೆ ಊದಿ ಜೋತುಬಿದ್ದಿರುವುದು. ಸೈನಸ್ ಎಂಬುದೂ ಕಾಯಿಲೆಯ ಹೆಸರಲ್ಲ. ಕೆನ್ನೆ, ಹಣೆ, ಕಣ್ಣುಗಳ ನಡುವೆ ಮತ್ತು ಅವುಗಳ ಹಿಂದೆ ಹೀಗೆ ನಾಲ್ಕು ಜೊತೆ ಗಾಳಿಗೂಡುಗಳು ಎಲ್ಲರ ಮುಖದಲ್ಲೂ ಇವೆ. ಅವುಗಳ ಒಳಪೊರೆಯ ಉರಿಯೂತ 12 ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲಿಕ ಸೈನಸೈಟಿಸ್ ಎನ್ನುತ್ತೇವೆ. ಯುರೋಪಿನ ತಜ್ಞರು 2020ರಲ್ಲಿ ಪ್ರಕಟಿಸಿದ ‘ಇಪೋಸ್’ ಮಾರ್ಗಸೂಚಿಯ ಪ್ರಕಾರ ಕನಿಷ್ಠ ಎರಡು ಲಕ್ಷಣಗಳಿರಬೇಕು. ಅವುಗಳಲ್ಲಿ ಒಂದು ಮೂಗು ಕಟ್ಟುವುದೋ ಸುರಿಯುವುದೋ ಆಗಿರಬೇಕು. ಮುಖದ ನೋವು ಅಥವಾ ಒತ್ತಡ ಮತ್ತು ವಾಸನೆ ಕುಂದುವುದು ಉಳಿದೆರಡು. ಇದಲ್ಲದೆ ಎಂಡೋಸ್ಕೋಪಿ (ಮೂಗಿನೊಳಗೆ ಸಣ್ಣ ದರ್ಶಕ ಹಾಕಿ ನೋಡುವುದು) ಅಥವಾ ಸಿ.ಟಿ. ಸ್ಕ್ಯಾನ್‌ನಲ್ಲಿ ಪುರಾವೆ ಕಾಣಬೇಕು.

ಇಲ್ಲಿ ಒಂದು ಮಾತು ಸೇರಿಸಬೇಕು. ತಲೆನೋವು ಬಂದೊಡನೆ ‘ನನಗೆ ಸೈನಸ್ ಇದೆ’ ಎನ್ನುವವರು ಬಹಳ ಮಂದಿ. ತಮಗೆ ಸೈನಸ್ ತಲೆನೋವಿದೆ ಎಂದು ನಂಬಿದ್ದ 2,991 ಜನರನ್ನು ಪರಿಶೀಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇಕಡಾ 88ರಷ್ಟು ಮಂದಿಯ ಲಕ್ಷಣಗಳು ಮೈಗ್ರೇನ್‌ಗೆ ಹೊಂದಿದವು. ಮೂಗು ಕಟ್ಟದೆ, ಸುರಿಯದೆ, ವಾಸನೆ ಹೋಗದೆ ಬರಿಯ ತಲೆನೋವಿರುವವರು ಈ ಚರ್ಚೆಯನ್ನು ಓದಿ ಸೈನಸ್ ಔಷಧಿ ಹುಡುಕಬಾರದೆಂದು ಇದನ್ನು ಬರೆದೆ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪಾಲಿಪ್ ಇರುವವರಲ್ಲಿ ಅನೇಕರಿಗೆ ಆಗುತ್ತಿರುವುದು ‘ಟೈಪ್ 2’ ಎಂದು ಕರೆಯುವ ಉರಿಯೂತ. ಒಳಪೊರೆಯ ಕೋಶಗಳಿಗೆ ವೈರಾಣು, ಬ್ಯಾಕ್ಟೀರಿಯಾ, ಧೂಳು ಮುಂತಾದವುಗಳಿಂದ ಪೆಟ್ಟಾದಾಗ ಅವು ಕೆಲವು ಸಂಕೇತದ್ರವ್ಯಗಳನ್ನು ಸ್ರವಿಸುತ್ತವೆ. ಅವುಗಳ ಕರೆಗೆ ಓಗೊಟ್ಟ ರೋಗನಿರೋಧಕ ಕೋಶಗಳು ಇಂಟರ್‌ಲ್ಯೂಕಿನ್ 4, 5 ಮತ್ತು 13 ಎಂಬ ಪ್ರೋಟೀನುಗಳನ್ನು ಬಿಡುಗಡೆ ಮಾಡುತ್ತವೆ. ಐದನೆಯದು ಇಯೋಸಿನೋಫಿಲ್ ಎಂಬ ಬಿಳಿರಕ್ತಕಣಗಳನ್ನು ಬೆಳೆಸಿ ಉಳಿಸುತ್ತದೆ. ನಾಲ್ಕು ಮತ್ತು ಹದಿಮೂರನೆಯವು ಸಿಂಬಳವನ್ನು ಹೆಚ್ಚಿಸುತ್ತವೆ, ಐಜಿಇ ಎಂಬ ಪ್ರತಿಕಾಯವನ್ನು ಏರಿಸುತ್ತವೆ, ಒಳಪೊರೆಯ ತಡೆಯನ್ನು ಸಡಿಲಗೊಳಿಸುತ್ತವೆ. ಶ್ವಾಸನಾಳದಲ್ಲಿ ದಮ್ಮಿಗೆ ಕಾರಣವಾಗುವುದೂ ಹೆಚ್ಚಾಗಿ ಇದೇ ಸರಣಿಯಾದ್ದರಿಂದಲೇ ನಿಮಗೆ ಎರಡೂ ಒಟ್ಟಿಗೆ ಇರುವುದು ಆಶ್ಚರ್ಯವಲ್ಲ.

ಹಾಗಾಗಿ ಶಸ್ತ್ರಚಿಕಿತ್ಸೆಯು ಊದಿದ ಪೊರೆಯನ್ನು ತೆಗೆಯುತ್ತದೆ, ಊದುವ ಸ್ವಭಾವವನ್ನು ತೆಗೆಯುವುದಿಲ್ಲ. ಬೆಲ್ಜಿಯಂನಲ್ಲಿ ಪಾಲಿಪ್ ಶಸ್ತ್ರಚಿಕಿತ್ಸೆಯಾದವರನ್ನು 12 ವರ್ಷಗಳ ಬಳಿಕ ಮತ್ತೆ ಪರೀಕ್ಷಿಸಿ 2019ರಲ್ಲಿ ವರದಿ ಮಾಡಿದರು. ಪರೀಕ್ಷೆಗೆ ಬಂದ 38 ಮಂದಿಯಲ್ಲಿ 30 ಮಂದಿಗೆ ಪಾಲಿಪ್ ಮರಳಿತ್ತು, 14 ಮಂದಿ ಆ ನಡುವೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಆದರೂ ಅವರ ಲಕ್ಷಣಗಳು ಮೊದಲಿಗಿಂತ ಕಡಿಮೆಯಾಗಿಯೇ ಉಳಿದಿದ್ದವು ಎಂಬುದನ್ನೂ ಹೇಳಬೇಕು. ನೀವು ಮಾಡಿಸಿಕೊಂಡದ್ದು ವ್ಯರ್ಥವಾಯಿತೆಂದು ದಯವಿಟ್ಟು ತಿಳಿಯಬೇಡಿ.

ನಾನು ಕೇಳಬೇಕಾದ ಪ್ರಶ್ನೆ ಒಂದೇ: ಎರಡನೆಯ ಶಸ್ತ್ರಚಿಕಿತ್ಸೆಯ ನಂತರ ಮೂಗು ತೊಳೆಯುವುದನ್ನೂ ಸ್ಟೀರಾಯ್ಡ್ ಸ್ಪ್ರೇಯನ್ನೂ ಎಷ್ಟು ಕಾಲ ಮುಂದುವರಿಸಿದಿರಿ?

ನಾಪೋಕ್ಲುವಿನ ಕಾಫಿ ಬೆಳೆಗಾರ:

ಡಾಕ್ಟರೇ, ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಎರಡು ತಿಂಗಳು ಮಾತ್ರ. ಉಸಿರಾಟ ಚೆನ್ನಾಗಿ ಆದ ಮೇಲೆ ಔಷಧಿ ಏಕೆ ಎಂದು ಬಿಟ್ಟುಬಿಟ್ಟೆ. ಆ ಆಸ್ಪತ್ರೆಯಿಂದ ಹೊರಡುವಾಗ ಚೀಟಿಯಲ್ಲಿ ಸ್ಪ್ರೇ ಬರೆದಿತ್ತೇ ಹೊರತು, ಇದನ್ನು ವರ್ಷಗಟ್ಟಲೆ ಬಳಸಬೇಕು ಎಂದು ಯಾರೂ ಕೂರಿಸಿ ಹೇಳಲಿಲ್ಲ. ತೆಗೆದ ಅಂಗಾಂಶವನ್ನು ಪ್ರಯೋಗಾಲಯಕ್ಕೆ ಕಳಿಸಿದ್ದರು. ವರದಿಯಲ್ಲಿ ‘ಉರಿಯೂತದ ಪಾಲಿಪ್’ ಎಂಬುದಷ್ಟೇ ಇದೆ.

ವಿರಾಜಪೇಟೆ ಮೂಲದ ವೈದ್ಯೆ:

ನಾನು ಊಹಿಸಿದ್ದೂ ಇದನ್ನೇ, ಮತ್ತು ತಪ್ಪು ನಿಮ್ಮೊಬ್ಬರದಲ್ಲ. ನಮ್ಮ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಕೈಬಿಟ್ಟುಹೋಗುವ ಮಾತೆಂದರೆ ಇದೇ.

ಇಂದಿನ ಎಂಡೋಸ್ಕೋಪಿಕ್ ಶಸ್ತ್ರಚಿಕಿತ್ಸೆ ಹುಟ್ಟಿದ್ದೇ ಒಂದು ಸೂಕ್ಷ್ಮ ವೀಕ್ಷಣೆಯಿಂದ. ಆಸ್ಟ್ರಿಯಾದ ಗ್ರಾಟ್ಸ್ ನಗರದ ವೈದ್ಯ ಮೆಸರ್‌ಕ್ಲಿಂಗರ್ ಅವರು ಸೈನಸ್‌ನೊಳಗಿನ ಸಿಂಬಳ ಹರಿಯುವ ದಾರಿಯನ್ನು ಅಧ್ಯಯನ ಮಾಡಿದರು. ಪೊರೆಯ ಮೇಲಿನ ಸೂಕ್ಷ್ಮ ರೋಮಗಳು ಅದನ್ನು ಯಾವಾಗಲೂ ಹುಟ್ಟಿನಿಂದ ಬಂದ ಕಿಂಡಿಯ ಕಡೆಗೇ ತಳ್ಳುತ್ತವೆ. 1890ರ ದಶಕದಿಂದ ಬಂದ ಕಾಲ್ಡ್‌ವೆಲ್-ಲ್ಯೂಕ್ ವಿಧಾನದಲ್ಲಿ ಮೇಲ್ದುಟಿಯ ಒಳಗಿನಿಂದ ಕೆನ್ನೆಯ ಸೈನಸ್ ಹೊಕ್ಕು ಹೊಸ ಕಿಂಡಿ ಕೊರೆಯುತ್ತಿದ್ದರು. ಆದರೆ ಕೆಳಗೆ ಎಷ್ಟು ದೊಡ್ಡ ಕಿಂಡಿ ಮಾಡಿದರೂ ಸಿಂಬಳ ಅದನ್ನು ಸುತ್ತಿಕೊಂಡು ಹಳೆಯ ಕಿಂಡಿಗೇ ಹೋಗುತ್ತದೆ. ತೋಟದಲ್ಲಿ ನೀರು ಹರಿಯುವ ಹಳೆಯ ತೋಡನ್ನು ಬಿಡಿಸದೆ ಬೇರೆಡೆ ಚರಂಡಿ ತೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೆಸರ್‌ಕ್ಲಿಂಗರ್ ಮತ್ತು ಅವರ ಶಿಷ್ಯ ಸ್ಟಾಮ್‌ಬರ್ಗರ್ ಸಹಜ ಕಿಂಡಿಗಳನ್ನೇ ಬಿಡಿಸುವ ಕ್ರಮ ತಂದರು. 1985ರಲ್ಲಿ ಅಮೆರಿಕದ ವೈದ್ಯ ಕೆನಡಿ ಇದನ್ನು ಅಲ್ಲಿ ಪ್ರಚುರಪಡಿಸಿದರು.

ಪಾಲಿಪ್ ಇರುವವರಲ್ಲಿ ಈ ಶಸ್ತ್ರಚಿಕಿತ್ಸೆಗೆ ಇನ್ನೊಂದು ಕೆಲಸವೂ ಇದೆ: ಔಷಧಿ ಒಳಗೆ ತಲುಪಲು ದಾರಿ ಮಾಡಿಕೊಡುವುದು. ಮುಚ್ಚಿದ ಸೈನಸ್‌ಗೆ ಸ್ಪ್ರೇಯ ಹನಿ ಹೋಗುವುದೇ ಇಲ್ಲ. ದಾರಿ ಮಾಡಿಸಿಕೊಂಡು ಔಷಧಿ ನಿಲ್ಲಿಸಿದರೆ ಶಸ್ತ್ರಚಿಕಿತ್ಸೆಯ ಅರ್ಧ ಪ್ರಯೋಜನವನ್ನು ಕೈಬಿಟ್ಟಂತೆಯೇ.

ಮಡಿಕೇರಿಯ ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ:

ಬೂಷ್ಟಿನ ಬಗ್ಗೆ ನಾನು ಬರೆಯುತ್ತೇನೆ. ಈ ವಿಷಯವನ್ನು ಕೆಲವು ವರ್ಷಗಳಿಂದ ಆಸಕ್ತಿಯಿಂದ ಓದುತ್ತ ಬಂದಿದ್ದೇನೆ. ಮಳೆಗಾಲದಲ್ಲಿ ಚಪ್ಪಲಿಯಿಂದ ಹಿಡಿದು ಪುಸ್ತಕದ ಬೆನ್ನಿನವರೆಗೆ ಎಲ್ಲಕ್ಕೂ ಬೂಷ್ಟು ಹಿಡಿಯುವ ನಮ್ಮ ಜಿಲ್ಲೆಯಲ್ಲಿ, ಅದರಲ್ಲೂ 2018ರ ಆಗಸ್ಟ್‌ನ ಮಳೆ ಮತ್ತು ಭೂಕುಸಿತಗಳ ನಂತರ ಗೋಡೆಗಳ ತೇವ ಆರದೆ ಉಳಿದ ಮನೆಗಳಲ್ಲಿ, ಈ ಸಂಶಯ ಬರುವುದು ಸಹಜ. ವಿಜ್ಞಾನಿಗಳಿಗೂ ಬಂದಿತ್ತು.

1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಸಂಶೋಧಕರು ದೀರ್ಘಕಾಲಿಕ ಸೈನಸೈಟಿಸ್ ಇದ್ದ 210 ರೋಗಿಗಳ ಮೂಗಿನ ಸ್ರಾವವನ್ನು ಬಹಳ ಸೂಕ್ಷ್ಮವಾದ ವಿಧಾನದಿಂದ ಪರೀಕ್ಷಿಸಿ, 202 ಮಂದಿಯಲ್ಲಿ, ಅಂದರೆ ಶೇಕಡಾ 96ರಷ್ಟು ಜನರಲ್ಲಿ, ಶಿಲೀಂಧ್ರ ಕಂಡಿದ್ದಾಗಿ ಪ್ರಕಟಿಸಿದರು. ಸುದ್ದಿ ಜಗತ್ತಿನಾದ್ಯಂತ ಹರಡಿತು. ಶಿಲೀಂಧ್ರವನ್ನು ಕೊಂದರೆ ಕಾಯಿಲೆ ಹೋದೀತೆಂಬ ಆಸೆ ಹುಟ್ಟಿತು. ಆದರೆ ಅದೇ ಲೇಖನದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಹೋಲಿಕೆಗಾಗಿ ಪರೀಕ್ಷಿಸಿದ 14 ಮಂದಿ ಆರೋಗ್ಯವಂತರಲ್ಲಿ ಹದಿನಾಲ್ಕೂ ಮಂದಿಯ ಮೂಗಿನಲ್ಲಿ ಶಿಲೀಂಧ್ರವಿತ್ತು. ಉಸಿರಾಡುವ ಗಾಳಿಯಲ್ಲಿ ಬೀಜಕಗಳಿರುವಾಗ ಮೂಗಿನಲ್ಲಿ ಅವು ಸಿಗದಿದ್ದರೇ ಆಶ್ಚರ್ಯ. ಮುಂದೆ ಯುರೋಪಿನ ಹಲವು ಕೇಂದ್ರಗಳಲ್ಲಿ 116 ರೋಗಿಗಳ ಮೇಲೆ ಆಂಫೊಟೆರಿಸಿನ್ ಬಿ ಎಂಬ ಶಿಲೀಂಧ್ರನಾಶಕದ ದ್ರಾವಣದಿಂದ 13 ವಾರ ಮೂಗು ತೊಳೆಸಿ, ಇನ್ನೊಂದು ಗುಂಪಿಗೆ ಔಷಧಿಯಿಲ್ಲದ ದ್ರಾವಣ ಕೊಟ್ಟು ಹೋಲಿಸಿದರು. 2006ರಲ್ಲಿ ಬಂದ ಫಲಿತಾಂಶದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಆಮೇಲಿನ ಪರಿಶೀಲನೆಗಳೂ ಸಾಮಾನ್ಯ ಸೈನಸೈಟಿಸ್‌ಗೆ ಶಿಲೀಂಧ್ರನಾಶಕದಿಂದ ಲಾಭವಿದೆಯೆಂದು ತೋರಿಸಿಲ್ಲ.

ಆದ್ದರಿಂದ ನಾಪೋಕ್ಲುವಿನವರು ಬೂಷ್ಟಿನ ಭಯದಿಂದ ಶಿಲೀಂಧ್ರನಾಶಕ ಮಾತ್ರೆಗಳನ್ನು ತಾವಾಗಿ ನುಂಗಬಾರದೆಂಬುದು ನನ್ನ ಕಳಕಳಿಯ ವಿನಂತಿ. ಹಾಗೆಂದು ಗೋಡೆಯ ಬೂಷ್ಟು ನಿರಪಾಯಕಾರಿ ಎಂದಲ್ಲ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಸಿರಾಟದ ತೊಂದರೆಗಳೂ ದಮ್ಮೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ದಮ್ಮಿರುವ ಮನೆಯಲ್ಲಿ ಮಲಗುವ ಕೋಣೆಯನ್ನಾದರೂ ಒಣಗಿಸಲೇಬೇಕು.

ವಿರಾಜಪೇಟೆ ಮೂಲದ ವೈದ್ಯೆ:

ಉಪನ್ಯಾಸಕರ ಮಾತಿಗೆ ಒಂದು ಮುಖ್ಯ ಅಪವಾದವನ್ನು ಸೇರಿಸುತ್ತೇನೆ. ‘ಅಲರ್ಜಿಕ್ ಫಂಗಲ್ ಸೈನಸೈಟಿಸ್’ ಎಂಬ ಪ್ರತ್ಯೇಕ ಬಗೆಯಿದೆ. ಅದು ನಮ್ಮ ದೇಶದಲ್ಲಿ ಅಪರೂಪವಲ್ಲ. ಅದರಲ್ಲಿ ಶಿಲೀಂಧ್ರ ಅಂಗಾಂಶವನ್ನು ಕೊರೆಯುವುದಿಲ್ಲ, ಆದರೆ ದೇಹ ಅದಕ್ಕೆ ತೀವ್ರ ಅಲರ್ಜಿಯಿಂದ ಪ್ರತಿಕ್ರಿಯಿಸುತ್ತದೆ. ಸೈನಸ್‌ಗಳಲ್ಲಿ ಪಾಕ ಹೆಚ್ಚಾದ ಬೆಲ್ಲದಂತೆ ಗಟ್ಟಿಯಾದ, ಅಂಟಾದ ಸಿಂಬಳ ತುಂಬಿಕೊಳ್ಳುತ್ತದೆ. ಭಾರತದಲ್ಲಿ ಇದಕ್ಕೆ ಹೆಚ್ಚಾಗಿ ಕಾರಣವಾಗುವುದು ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ. ಇದಕ್ಕೂ ಮುಖ್ಯ ಚಿಕಿತ್ಸೆ ಆ ಸಿಂಬಳವನ್ನು ಪೂರ್ತಿ ತೆಗೆಯುವ ಶಸ್ತ್ರಚಿಕಿತ್ಸೆ ಮತ್ತು ಬಳಿಕದ ಸ್ಟೀರಾಯ್ಡ್. 2021ರಲ್ಲಿ ಎಲ್ಲರೂ ಹೆದರಿದ್ದ, ಕಪ್ಪು ಶಿಲೀಂಧ್ರ ಎಂದು ಕರೆಯುತ್ತಿದ್ದ ಮ್ಯೂಕರ್‌ಮೈಕೋಸಿಸ್ ಇದಲ್ಲ. ಅದು ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯವರಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ದಿನಗಳ ಲೆಕ್ಕದಲ್ಲಿ ಅಂಗಾಂಶವನ್ನು ನಾಶಮಾಡುವ ತುರ್ತು ಕಾಯಿಲೆ. ಮುಖ ಊದುವುದು, ಕಣ್ಣು ಮುಂದೆ ಬರುವುದು, ದೃಷ್ಟಿ ಮಂಜಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಸೋಮವಾರಪೇಟೆಯ ಔಷಧಿ ಅಂಗಡಿಯವರು:

ಅಂಗಡಿಯಲ್ಲಿ ದಿನವೂ ಕಾಣುವುದನ್ನು ಹೇಳುತ್ತೇನೆ. ಮೂಗು ಕಟ್ಟಿದೆ ಎಂದು ಬರುವವರಲ್ಲಿ ಹೆಚ್ಚಿನವರು ಕೇಳುವುದು ಕೂಡಲೇ ಮೂಗು ಬಿಡಿಸುವ ಹನಿಯನ್ನು, ಅಂದರೆ ಕ್ಸೈಲೊಮೆಟಜೊಲಿನ್ ಅಥವಾ ಆಕ್ಸಿಮೆಟಜೊಲಿನ್ ಇರುವುದನ್ನು. ಅದನ್ನು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಬಳಸಿದರೆ ಹನಿಯ ಪ್ರಭಾವ ಇಳಿದೊಡನೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟಲು ಆರಂಭಿಸುತ್ತದೆ. ಹನಿಯಿಲ್ಲದೆ ನಿದ್ದೆಯೇ ಬಾರದು ಎನ್ನುವ ಮಟ್ಟಕ್ಕೆ ಹೋದವರನ್ನು ನಾನು ಬಲ್ಲೆ. ಇದಕ್ಕೆ ವಿರುದ್ಧವಾಗಿ ಮೊಮೆಟಾಸೋನ್, ಫ್ಲುಟಿಕಾಸೋನ್ ಇರುವ ಸ್ಟೀರಾಯ್ಡ್ ಸ್ಪ್ರೇಯು ತಕ್ಷಣ ಏನನ್ನೂ ಮಾಡಿದಂತೆ ತೋರುವುದಿಲ್ಲ. ಅದರ ಪೂರ್ಣ ಪರಿಣಾಮ ಕಾಣಲು ವಾರಗಳೇ ಬೇಕು. ಅದಕ್ಕೇ ಜನ ಅದನ್ನು ‘ಕೆಲಸ ಮಾಡದ ಔಷಧಿ’ ಎಂದು ಬಿಡುತ್ತಾರೆ. ಸ್ಟೀರಾಯ್ಡ್ ಎಂಬ ಹೆಸರಿಗೆ ಹೆದರುವವರೂ ಇದ್ದಾರೆ. ಸ್ಪ್ರೇಯಿಂದ ರಕ್ತಕ್ಕೆ ಸೇರುವ ಪ್ರಮಾಣ ಬಹಳ ಕಡಿಮೆ. ವರ್ಷಕ್ಕೆ ಮೂರು ಸಲ ಮಾತ್ರೆ ನುಂಗುವುದರೊಡನೆ ಅದನ್ನು ಹೋಲಿಸಲೇಬಾರದು.

ಹಾಕುವ ಕ್ರಮವೂ ಮುಖ್ಯ. ತಲೆಯನ್ನು ಹಿಂದಕ್ಕೆ ಎತ್ತಬಾರದು, ಸ್ವಲ್ಪ ಮುಂದಕ್ಕೆ ಬಾಗಿಸಬೇಕು. ಬಲಗೈಯಿಂದ ಎಡಹೊಳ್ಳೆಗೆ, ಎಡಗೈಯಿಂದ ಬಲಹೊಳ್ಳೆಗೆ ಹಾಕಿದರೆ ಸ್ಪ್ರೇಯ ತುದಿ ತಾನಾಗಿ ಕಣ್ಣಿನ ಹೊರಮೂಲೆಯ ಕಡೆ ತಿರುಗಿರುತ್ತದೆ. ಮೂಗಿನ ನಡುಗೋಡೆಗೆ ನೇರವಾಗಿ ಹಾಕಿದರೆ ರಕ್ತ ಬರುವ ಸಾಧ್ಯತೆ ಹೆಚ್ಚು. ಜೋರಾಗಿ ಎಳೆದುಕೊಂಡರೆ ಔಷಧಿ ಗಂಟಲಿಗೆ ಹೋಗುತ್ತದೆ.

ಪೊನ್ನಂಪೇಟೆಯ ಯೋಗ ಶಿಕ್ಷಕಿ:

ಮೂಗು ತೊಳೆಯುವ ವಿಚಾರ ಬಂದದ್ದರಿಂದ ಕೇಳುತ್ತಿದ್ದೇನೆ. ನಾವು ಜಲನೇತಿಯನ್ನು ಹಿಂದಿನಿಂದಲೂ ಕಲಿಸುತ್ತಿದ್ದೇವೆ. ಮನೆಯ ಬಾವಿಯ ನೀರು, ಬೆಟ್ಟದಿಂದ ಪೈಪಿನಲ್ಲಿ ಬರುವ ಒರತೆಯ ನೀರು ತಿಳಿಯಾಗಿಯೇ ಇರುತ್ತದೆ. ಅದನ್ನೇ ಬೆಚ್ಚಗೆ ಮಾಡಿ ಬಳಸಬಹುದಲ್ಲವೇ?

ವಿರಾಜಪೇಟೆ ಮೂಲದ ವೈದ್ಯೆ:

ಅಕ್ಕಾ, ದಯವಿಟ್ಟು ಬರಿದೇ ಬೆಚ್ಚಗೆ ಮಾಡಿ ಬಳಸಬೇಡಿ. ಕುಡಿದರೆ ಏನೂ ಮಾಡದ ನೀರು ಮೂಗಿನ ಮೇಲ್ಭಾಗಕ್ಕೆ ಹೋದಾಗ ಅಪಾಯ ತರಬಹುದು. ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಮೂಗಿನ ಮೂಲಕ ಮೆದುಳಿಗೆ ಏರುತ್ತದೆ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿಯ ನೀರಿನಿಂದ ನೇತಿ ಮಾಡಿದ ಇಬ್ಬರು ಹೀಗೆ ತೀರಿಕೊಂಡರು. ನಮ್ಮ ನೆರೆಯ ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಅಮೀಬಾದಿಂದ ಆಗುವ ಮೆದುಳಿನ ಸೋಂಕು ಹಲವರಲ್ಲಿ ಕಂಡುಬಂದಿದೆ. ಇದು ಬಹಳ ಅಪರೂಪದ ಸೋಂಕು, ಆದರೆ ತಡೆಯುವುದು ಬಹಳ ಸುಲಭ. ನೀರು ಕೊತಕೊತ ಕುದಿಯಲು ಆರಂಭಿಸಿದ ಮೇಲೆ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಬೇಕು. ಸಮುದ್ರಮಟ್ಟದಿಂದ 6,500 ಅಡಿಗಿಂತ ಎತ್ತರದಲ್ಲಿ ಮೂರು ನಿಮಿಷ ಕುದಿಸಬೇಕೆಂಬ ನಿಯಮವಿದೆ. ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ ಶಿಖರವೇ 1,748 ಮೀಟರ್, ಅಂದರೆ ಸುಮಾರು 5,735 ಅಡಿ ಇರುವುದರಿಂದ ನಮ್ಮ ಜಿಲ್ಲೆಯ ಯಾವ ಮನೆಗೂ ಒಂದು ನಿಮಿಷ ಸಾಕು.

ಲೀಟರಿಗೆ 9 ಗ್ರಾಂ ಉಪ್ಪು ಹಾಕಿದರೆ ರಕ್ತದ ಲವಣಾಂಶಕ್ಕೆ ಸಮನಾಗುತ್ತದೆ. 240 ಮಿಲಿಲೀಟರಿನ ಬಾಟಲಿಗೆ ಸುಮಾರು 2 ಗ್ರಾಂ. ಅಯೋಡಿನ್ ಸೇರದ ಶುದ್ಧ ಉಪ್ಪು ಒಳ್ಳೆಯದು. ಚಿಟಿಕೆ ಅಡುಗೆ ಸೋಡಾ ಸೇರಿಸಿದರೆ ಉರಿ ಕಡಿಮೆಯಾಗುತ್ತದೆ. ನೇತಿಯ ತಂಬಿಗೆಯಾಗಲಿ ಒತ್ತುವ ಬಾಟಲಿಯಾಗಲಿ, ದಿನವೂ ತೊಳೆದು ಒಣಗಿಸಲೇಬೇಕು. ಕಕ್ಕಡದಲ್ಲಿ ಇದು ಕಷ್ಟವೆಂದು ಗೊತ್ತು, ಒಲೆಯ ಮೇಲಿನ ಅಟ್ಟದ ಬಳಿ ಒಣಗಿಸುವ ನಮ್ಮ ಅಜ್ಜಿಯಂದಿರ ಉಪಾಯ ಇಲ್ಲಿಗೂ ಆದೀತು. ಲವಣದ ನೀರಿನಿಂದ ತೊಳೆಯುವುದರ ಬಗ್ಗೆ ದೊಡ್ಡ ಪ್ರಯೋಗಗಳು ಕಡಿಮೆ. ಆದರೂ ಕುದಿಸಿ ಆರಿಸಿದ ನೀರು ಬಳಸಿದರೆ ಹಾನಿ ಹೆಚ್ಚಿಲ್ಲದ್ದರಿಂದಲೂ, ಸ್ಪ್ರೇ ಹಾಕುವ ಮುನ್ನ ಸಿಂಬಳ ತೆಗೆಯಲು ನೆರವಾಗುವುದರಿಂದಲೂ ಮುಖ್ಯ ಮಾರ್ಗಸೂಚಿಗಳು ಇದನ್ನು ಸೂಚಿಸುತ್ತವೆ.

ಕುಶಾಲನಗರದ ಗೃಹಿಣಿ:

ನನ್ನ ಅನುಭವ ಯಾರಿಗಾದರೂ ನೆರವಾದೀತೆಂದು ಬರೆಯುತ್ತಿದ್ದೇನೆ. ನನಗೂ ಪಾಲಿಪ್ ಇದೆ, ದಮ್ಮೂ ಇದೆ. ಮಂಡಿನೋವಿಗೆಂದು ಡೈಕ್ಲೋಫೆನಾಕ್ ಮಾತ್ರೆ ನುಂಗಿದ ಒಂದು ಗಂಟೆಯೊಳಗೆ ಮೂಗು ಸುರಿದು, ಮುಖ ಕೆಂಪಾಗಿ, ಉಸಿರು ಕಟ್ಟಿ ಆಸ್ಪತ್ರೆಗೆ ಸೇರಬೇಕಾಯಿತು. ಪಾಲಿಪ್, ದಮ್ಮು, ನೋವಿನ ಮಾತ್ರೆ ಆಗದಿರುವುದು ಈ ಮೂರೂ ಸೇರಿದ ಒಂದು ಕಾಯಿಲೆಯೇ ಇದೆ ಎಂದು ಅನಂತರ ತಿಳಿಯಿತು. ಅದಕ್ಕೆ ಮೊದಲು ಮೂರು ವೈದ್ಯರ ಬಳಿ ಹೋಗಿದ್ದೆ. ಪಾಲಿಪ್ ನೋಡಿದವರು ದಮ್ಮಿನ ಬಗ್ಗೆ ಕೇಳಲಿಲ್ಲ, ದಮ್ಮು ನೋಡಿದವರು ಮೂಗಿನ ಬಗ್ಗೆ ಕೇಳಲಿಲ್ಲ.

ಮಡಿಕೇರಿಯ ನಿವೃತ್ತ ಉಪನ್ಯಾಸಕ:

ತಂಗೀ, ನೀವು ಹೇಳಿದ್ದನ್ನು 1922ರಲ್ಲೇ ಫ್ರಾನ್ಸಿನ ವಿಡಾಲ್ ಮತ್ತು ಅವರ ಸಂಗಡಿಗರು ಗುರುತಿಸಿದ್ದರು; 1968ರಲ್ಲಿ ಸ್ಯಾಮ್ಟರ್ ಮತ್ತು ಬಿಯರ್ಸ್ ವಿವರವಾಗಿ ಬರೆದ ಮೇಲೆ ಇದು ‘ಸ್ಯಾಮ್ಟರ್ ತ್ರಿಕ’ ಎಂದು ಹೆಸರಾಯಿತು. ಇದು ಸಾಮಾನ್ಯ ಅಲರ್ಜಿಯಲ್ಲ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಮುಂತಾದವು ಕಾಕ್ಸ್-1 ಎಂಬ ಕಿಣ್ವವನ್ನು ತಡೆದಾಗ, ಇಂಥವರ ದೇಹದಲ್ಲಿ ಲ್ಯೂಕೋಟ್ರೈಯೀನ್ ಎಂಬ ದ್ರವ್ಯಗಳು ಉಕ್ಕಿ ಶ್ವಾಸನಾಳ ಬಿಗಿಯುತ್ತದೆ. ಪಾಲಿಪ್ ಬೇಗ ಮರಳುವುದು ಈ ಗುಂಪಿನಲ್ಲೇ ಹೆಚ್ಚು. ನಾಪೋಕ್ಲುವಿನವರಿಗೆ ದಮ್ಮೂ ಇರುವುದರಿಂದ, ನೋವಿನ ಮಾತ್ರೆ ನುಂಗಿದಾಗ ಯಾವಾಗಲಾದರೂ ತೊಂದರೆಯಾಗಿತ್ತೇ ಎಂದು ನೆನಪಿಸಿಕೊಂಡು ತಮ್ಮ ವೈದ್ಯರಿಗೆ ಹೇಳಬೇಕು. ಮನೆಯಲ್ಲಿ ನುಂಗಿ ಪರೀಕ್ಷಿಸುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು.

ಸಿದ್ದಾಪುರದ ತಾಯಿ:

ನನ್ನ 11 ವರ್ಷದ ಮಗನಿಗೆ ಬಲಗಡೆಯ ಮೂಗಿನಲ್ಲಿ ಮಾತ್ರ ಪಾಲಿಪ್ ಇದೆಯೆಂದು ಹೇಳಿದ್ದಾರೆ. ಅವನಿಗೂ ಜೀವನವಿಡೀ ಹೀಗೆಯೇ ಔಷಧಿ ಹಾಕಬೇಕೇ?

ವಿರಾಜಪೇಟೆ ಮೂಲದ ವೈದ್ಯೆ:

ಇಲ್ಲಮ್ಮ, ಒಂದೇ ಬದಿಯ ಪಾಲಿಪ್ ಬೇರೆಯ ಲೆಕ್ಕ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಕೆನ್ನೆಯ ಸೈನಸ್‌ನಿಂದ ಹುಟ್ಟಿ ಮೂಗಿನ ಹಿಂಬದಿಗೆ ಇಳಿಯುವ ಆಂಟ್ರೊಕೊಯೇನಲ್ ಪಾಲಿಪ್. ಅದನ್ನು ಬುಡಸಹಿತ ತೆಗೆದರೆ ಸಾಮಾನ್ಯವಾಗಿ ತೊಂದರೆ ಮುಗಿಯುತ್ತದೆ. ಆದರೆ ಮಗುವಿಗೆ ಎರಡೂ ಬದಿಯಲ್ಲಿ ಪಾಲಿಪ್ ಇದ್ದರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ ಇಲ್ಲವೆಂದು ಪರೀಕ್ಷಿಸಬೇಕು. ದೊಡ್ಡವರಲ್ಲಿ ಒಂದೇ ಬದಿಯಲ್ಲಿ ಬೆಳೆದು ರಕ್ತವೂ ಬರುತ್ತಿದ್ದರೆ ಗೆಡ್ಡೆ ಇರಬಹುದೆಂಬ ಅನುಮಾನದಿಂದ ಬಯಾಪ್ಸಿ ಮಾಡಲೇಬೇಕು. ಸ್ಕ್ಯಾನ್ ಮಾಡಿಸದೆ ಯಾರೂ ಕಡ್ಡಿ ಹಾಕಿ ಕೀಳಲು ಬಿಡಬೇಡಿ. ಮೆದುಳಿನ ಪೊರೆಯೇ ಮೂಗಿನೊಳಗೆ ಇಳಿದು ಪಾಲಿಪ್‌ನಂತೆ ಕಾಣುವುದೂ ಮಕ್ಕಳಲ್ಲಿ ಉಂಟು.

ಸುಂಟಿಕೊಪ್ಪದ ತೋಟದ ರೈಟರ್ (ಗುಮಾಸ್ತ):

ಇಷ್ಟು ಹೊತ್ತು ಓದಿದೆ. ತೋಟದ ಕೆಲಸದವರ ಬಗ್ಗೆ ಯಾರೂ ಹೇಳಲಿಲ್ಲವೆಂದು ಬರೆಯುತ್ತಿದ್ದೇನೆ. ಲೈನ್ ಮನೆಗಳಲ್ಲಿ ಹೊಗೆ ಹೋಗಲು ದಾರಿಯಿಲ್ಲದ ಕೋಣೆಯಲ್ಲಿ ಸೌದೆ ಒಲೆ ಉರಿಯುತ್ತದೆ. ಕಾಫಿ ಕಣದಲ್ಲಿ, ಹಲ್ಲಿಂಗ್ ಯಂತ್ರದ ಬಳಿ ಕೆಲಸ ಮಾಡುವ ಹೆಂಗಸರು ಮೂರು ತಿಂಗಳು ಮೂಗು ಸೋರಿಸಿಕೊಂಡೇ ಇರುತ್ತಾರೆ; ಅದನ್ನು ಯಾರೂ ಕಾಯಿಲೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಜೆಕ್ಷನ್ ಮಾತು ಅವರ ಪಾಲಿಗೆ ಬಹಳ ದೂರದ್ದು. ಅವರಿಗೆ ಮಾಡಬಹುದಾದದ್ದು ಏನಾದರೂ ಇದೆಯೇ?

ಮಡಿಕೇರಿಯ ನಿವೃತ್ತ ಉಪನ್ಯಾಸಕ:

ಈ ಪ್ರಶ್ನೆಯನ್ನು ನಾವೇ ಮೊದಲು ಕೇಳಿಕೊಳ್ಳಬೇಕಾಗಿತ್ತು. ಹಸಿರು ಕಾಫಿ ಬೀಜದ ಧೂಳಿನಿಂದ ಸಂಸ್ಕರಣಾ ಕಾರ್ಖಾನೆಗಳ ಕಾರ್ಮಿಕರಿಗೆ ಅಲರ್ಜಿಯ ನೆಗಡಿ, ಕಣ್ಣುರಿ, ದಮ್ಮು ಬರುವುದು ವೈದ್ಯಕೀಯ ಸಾಹಿತ್ಯದಲ್ಲಿ ದಶಕಗಳಿಂದ ದಾಖಲಾಗಿದೆ. ಹರಳು (ಔಡಲ) ಬೀಜ ತುಂಬಿದ್ದ ಗೋಣಿಚೀಲಗಳಲ್ಲಿ ಉಳಿದ ಆ ಬೀಜದ ಧೂಳೂ ಪ್ರಬಲ ಅಲರ್ಜಿಕಾರಕ. ಬಟ್ಟೆ ಕಟ್ಟಿಕೊಳ್ಳುವುದಕ್ಕಿಂತ ಬಿಗಿಯಾಗಿ ಕೂರುವ ಮುಖಗವಸು, ಕಣದಲ್ಲಿ ಗಾಳಿಯ ದಿಕ್ಕು ನೋಡಿ ನಿಲ್ಲುವುದು, ಲೈನ್ ಮನೆಯ ಒಲೆಗೆ ಹೊಗೆಕೊಳವೆ ಹಾಕಿಸುವುದು, ಇವು ತೋಟದ ಮಾಲೀಕರ ಕೈಯಲ್ಲೇ ಇರುವ ಕೆಲಸಗಳು. ಉಪ್ಪುನೀರು ಮತ್ತು ಸ್ಪ್ರೇಯ ಖರ್ಚು ಇಂಜೆಕ್ಷನ್ನಿಗೆ ಹೋಲಿಸಿದರೆ ಅತ್ಯಲ್ಪ. ಅಷ್ಟನ್ನಾದರೂ ಕೆಲಸದವರಿಗೆ ತಲುಪಿಸುವುದು ನಮ್ಮ ಹೊಣೆ ಎಂದೇ ನಾನು ಭಾವಿಸುತ್ತೇನೆ.

ವಿರಾಜಪೇಟೆ ಮೂಲದ ವೈದ್ಯೆ:

ರೈಟರ್ ಅವರ ಮಾತಿನಿಂದ ಇನ್ನೊಂದು ಸೂಕ್ಷ್ಮ ನೆನಪಾಯಿತು. ರಕ್ತದಲ್ಲಿ ಇಯೋಸಿನೋಫಿಲ್ ಹೆಚ್ಚಿದ್ದರೆ ಪಾಶ್ಚಾತ್ಯ ದೇಶಗಳಲ್ಲಿ ಟೈಪ್ 2 ಉರಿಯೂತದ ಗುರುತೆಂದು ಓದುತ್ತಾರೆ. ಬರಿಗಾಲಲ್ಲಿ ಒದ್ದೆ ಮಣ್ಣಿನಲ್ಲಿ ಕೆಲಸ ಮಾಡುವವರಲ್ಲಿ ಅದೇ ಸಂಖ್ಯೆ, ಅದೇ ಐಜಿಇ, ಕೊಕ್ಕೆಹುಳುವಿನಿಂದಲೂ ಏರುತ್ತದೆ. ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಒಳಗಿದ್ದಾಗ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಅದು ಮೈಯೆಲ್ಲ ಹರಡಿ ಪ್ರಾಣಕ್ಕೇ ಅಪಾಯವಾಗಬಹುದು. ನಮ್ಮ ನೆಲದಲ್ಲಿ ಮಾರ್ಗಸೂಚಿಯನ್ನು ಓದುವಾಗ ಇದನ್ನು ಜೊತೆಗಿಟ್ಟುಕೊಂಡೇ ಓದಬೇಕು. ಚೀನಾ, ಕೊರಿಯಾ, ಜಪಾನ್ ದೇಶಗಳ ಅಧ್ಯಯನಗಳಲ್ಲಿ ಅಲ್ಲಿನ ಎಷ್ಟೋ ಪಾಲಿಪ್‌ಗಳು ಯುರೋಪಿನವುಗಳಂತೆ ಇಯೋಸಿನೋಫಿಲ್‌ಗಳಿಂದ ತುಂಬಿರುವುದಿಲ್ಲವೆಂದು ಕಂಡುಬಂದಿದೆ. ಆದ್ದರಿಂದಲೇ ಅಂಗಾಂಶದ ಪರೀಕ್ಷೆಯಲ್ಲಿ ಆ ಕಣಗಳನ್ನು ಎಣಿಸಿ ಬರೆಯುವುದು ಅಗತ್ಯ.

ಈಗ ಇಂಜೆಕ್ಷನ್ ವಿಷಯ. ಡುಪಿಲುಮ್ಯಾಬ್ ಎಂಬುದು ಇಂಟರ್‌ಲ್ಯೂಕಿನ್ 4 ಮತ್ತು 13 ಕೂರುವ ಗ್ರಾಹಿಯನ್ನೇ ಮುಚ್ಚುವ ಪ್ರತಿಕಾಯ. 276 ಮತ್ತು 448 ರೋಗಿಗಳ ಎರಡು ಪ್ರಯೋಗಗಳ ಫಲಿತಾಂಶ 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಅಮೆರಿಕದಲ್ಲಿ ಪಾಲಿಪ್‌ಗೆ ಅನುಮತಿ ಸಿಕ್ಕಿತು. ಮೊದಲನೆಯ ಪ್ರಯೋಗದಲ್ಲಿ ಈ ಔಷಧಿ ಪಡೆದವರ ಪೈಕಿ ಆರಂಭದಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ವಾಸನೆಯೇ ಇರಲಿಲ್ಲ; 24 ವಾರಗಳ ನಂತರ ಆ ಪ್ರಮಾಣ ಕಾಲು ಭಾಗಕ್ಕೆ ಇಳಿಯಿತು. ವಾಸನೆ ಕಳೆದುಕೊಂಡ ನಿಮಗೆ ಇದು ಎಷ್ಟು ದೊಡ್ಡ ಮಾತೆಂದು ನಾನು ಬಲ್ಲೆ. ಆದರೆ ಅದೇ ಪ್ರಯೋಗದಲ್ಲಿ ಇಂಜೆಕ್ಷನ್ ನಿಲ್ಲಿಸಿದ ಬಳಿಕ ಲಾಭ ಕ್ರಮೇಣ ಕರಗುತ್ತ ಹೋಯಿತು. ಅಂದರೆ ಇದೂ ನಿರಂತರ ಚಿಕಿತ್ಸೆಯೇ. ಮುಂದೆ ಐಜಿಇಯನ್ನು ಹಿಡಿಯುವ ಒಮಾಲಿಜುಮ್ಯಾಬ್ 2020ರಲ್ಲಿ, ಇಂಟರ್‌ಲ್ಯೂಕಿನ್ 5ನ್ನು ಹಿಡಿಯುವ ಮೆಪೊಲಿಜುಮ್ಯಾಬ್ 2021ರಲ್ಲಿ ಅಲ್ಲಿ ಅನುಮತಿ ಪಡೆದವು. 2025ರಲ್ಲಿ ಪ್ರಕಟವಾದ ಟೆಜೆಪೆಲುಮ್ಯಾಬ್ ಪ್ರಯೋಗ ಇನ್ನೂ ಮೇಲಿನ ಹಂತದಲ್ಲಿ, ಒಳಪೊರೆಯ ಕೋಶಗಳು ಕೊಡುವ ಮೊದಲ ಸಂಕೇತವನ್ನೇ ತಡೆಯಿತು.

ಇಪೋಸ್ 2020ರ ಪ್ರಕಾರ ಶಸ್ತ್ರಚಿಕಿತ್ಸೆಯಾದ ಮೇಲೂ ಎರಡು ಬದಿಯಲ್ಲಿ ಪಾಲಿಪ್ ಇರುವವರಲ್ಲಿ ಐದರಲ್ಲಿ ಮೂರು ಲಕ್ಷಣಗಳಿದ್ದರೆ ಇಂಜೆಕ್ಷನ್ ಪರಿಗಣಿಸಬಹುದು: ಟೈಪ್ 2 ಉರಿಯೂತದ ಪುರಾವೆ, ವರ್ಷಕ್ಕೆ ಎರಡು ಅಥವಾ ಹೆಚ್ಚು ಬಾರಿ ಸ್ಟೀರಾಯ್ಡ್ ಮಾತ್ರೆ, ಬದುಕಿನ ಗುಣಮಟ್ಟ ತೀವ್ರವಾಗಿ ಕುಸಿದಿರುವುದು, ವಾಸನೆಯ ನಷ್ಟ, ಜೊತೆಗೆ ದಮ್ಮು. ನಿಮ್ಮಲ್ಲಿ ಇವುಗಳಲ್ಲಿ ಮೂರಾದರೂ ಇದ್ದಂತಿದೆ. ಆದರೂ ಎರಡು ವಾರಕ್ಕೊಮ್ಮೆಯ ಆ ಇಂಜೆಕ್ಷನ್ನಿನ ಬೆಲೆ ಸಾಮಾನ್ಯ ಕುಟುಂಬಕ್ಕೆ ಎಟುಕುವಂಥದ್ದಲ್ಲ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಸ್ಪ್ರೇಯನ್ನೂ ತೊಳೆಯುವುದನ್ನೂ ಒಮ್ಮೆಯೂ ಸರಿಯಾಗಿ ಮುಂದುವರಿಸಿ ನೋಡದವರು ಅದನ್ನು ಮಾಡದೆಯೇ ಇಂಜೆಕ್ಷನ್ನಿಗೆ ಹೋಗಬಾರದು.

ಮಡಿಕೇರಿಯ ನಿವೃತ್ತ ಉಪನ್ಯಾಸಕ:

ಮೇಡಂ, ಶಸ್ತ್ರಚಿಕಿತ್ಸೆಯ ವಿಷಯದಲ್ಲೂ ಅದೇ ಎಚ್ಚರ ಬೇಡವೇ? ನೆದರ್‌ಲ್ಯಾಂಡ್ಸ್‌ನಲ್ಲಿ ಪಾಲಿಪ್ ಇದ್ದ 238 ಮಂದಿಯನ್ನು ಔಷಧಿ ಮಾತ್ರ, ಔಷಧಿಯ ಜೊತೆ ಶಸ್ತ್ರಚಿಕಿತ್ಸೆ ಎಂದು ಎರಡು ಗುಂಪು ಮಾಡಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ವರ್ಷದ ಬಳಿಕ ಶಸ್ತ್ರಚಿಕಿತ್ಸೆಯ ಗುಂಪು ಮುಂದಿದ್ದರೂ ಸರಾಸರಿ ವ್ಯತ್ಯಾಸ ರೋಗಿಗೆ ಅನುಭವಕ್ಕೆ ಬರುವಷ್ಟು ದೊಡ್ಡದಿರಲಿಲ್ಲ.

ವಿರಾಜಪೇಟೆ ಮೂಲದ ವೈದ್ಯೆ:

ಒಪ್ಪುತ್ತೇನೆ, ಸರ್. ಸರಾಸರಿಯಲ್ಲಿ ಸಣ್ಣದಾಗಿ ಕಂಡದ್ದು ಕೆಲವರಿಗೆ ದೊಡ್ಡ ಲಾಭವೂ ಕೆಲವರಿಗೆ ಏನೂ ಇಲ್ಲದ್ದೂ ಆಗಿರಬಹುದು. ಯಾರಿಗೆ ಎಂಬುದನ್ನು ಮೊದಲೇ ಹೇಳುವುದೇ ಈಗಿನ ಸಂಶೋಧನೆಯ ಮುಖ್ಯ ಕೆಲಸ. ಅದಕ್ಕೇ ನಾಪೋಕ್ಲುವಿನವರು 2020ರಲ್ಲಿ ತೆಗೆದ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕ್ ಆ ಪ್ರಯೋಗಾಲಯದಲ್ಲಿ ಉಳಿದಿದೆಯೇ ಎಂದು ವಿಚಾರಿಸಲಿ. ಉಳಿದಿದ್ದರೆ ಹೊಸದಾಗಿ ಕತ್ತರಿಸದೆಯೇ ಇಯೋಸಿನೋಫಿಲ್ ಎಣಿಸಬಹುದು.

ನಾಪೋಕ್ಲುವಿನ ಕಾಫಿ ಬೆಳೆಗಾರ, ಹತ್ತು ವಾರಗಳ ನಂತರ:

ಎಲ್ಲರಿಗೂ ಕೃತಜ್ಞತೆಗಳು. ಬ್ಲಾಕ್ ಸಿಕ್ಕಿತು. ಮತ್ತೆ ಪರೀಕ್ಷಿಸಿದಾಗ ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ 40ಕ್ಕೂ ಹೆಚ್ಚು ಇಯೋಸಿನೋಫಿಲ್‌ಗಳಿದ್ದವು. 10 ಅಥವಾ ಹೆಚ್ಚಿದ್ದರೆ ಟೈಪ್ 2 ಎಂದು ಲೆಕ್ಕವಂತೆ. ಹುಳುವಿನ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ದಿನಕ್ಕೆ ಎರಡು ಸಲ ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದು, ಸ್ಪ್ರೇಯನ್ನು ಮೇಲೆ ಹೇಳಿದ ಕ್ರಮದಲ್ಲೇ ಹಾಕುತ್ತಿದ್ದೇನೆ. ಎಡಹೊಳ್ಳೆ ಸ್ವಲ್ಪ ಬಿಟ್ಟಿದೆ, ಬಲಗಡೆ ಇನ್ನೂ ಕಟ್ಟಿಯೇ ಇದೆ, ವಾಸನೆ ಮರಳಿಲ್ಲ. ಸ್ಟೀರಾಯ್ಡ್ ಮಾತ್ರೆ ಈ ಹತ್ತು ವಾರಗಳಲ್ಲಿ ನುಂಗಿಲ್ಲ. ಸ್ಕ್ಯಾನ್‌ನಲ್ಲಿ ಬಲಗಡೆಯ ಸೈನಸ್‌ಗಳ ಕಿಂಡಿಗಳು ಗಾಯದ ಕಲೆಯಿಂದ ಮುಚ್ಚಿವೆ ಎಂದು ತೋರಿದ್ದರಿಂದ ಅವುಗಳನ್ನು ಬಿಡಿಸುವ ಶಸ್ತ್ರಚಿಕಿತ್ಸೆಯನ್ನು ಪುತ್ತರಿ ಹಬ್ಬ ಮುಗಿದ ವಾರ, ರೊಬಸ್ಟಾ ಕೊಯ್ಲಿಗೆ ಮುನ್ನ ಇಟ್ಟುಕೊಂಡಿದ್ದೇವೆ. ಆಮೇಲೂ ಒಂದು ವರ್ಷ ತೊಳೆದು, ಸ್ಪ್ರೇ ಹಾಕಿಯೂ ಪಾಲಿಪ್ ಮರಳಿದರೆ ಇಂಜೆಕ್ಷನ್ ಬಗ್ಗೆ ಮಾತನಾಡೋಣ ಎಂದಿದ್ದಾರೆ.

ಅಡುಗೆಮನೆಗೆ ಗ್ಯಾಸ್ ಸೋರಿದರೆ ಕೂಗುವ ಯಂತ್ರವನ್ನು ಮಗಳು ತಂದು ಹಾಕಿದ್ದಾಳೆ. ನಮ್ಮ ಲೈನ್ ಮನೆಗಳ ಆರು ಒಲೆಗಳಲ್ಲಿ ನಾಲ್ಕಕ್ಕೆ ಹೊಗೆಕೊಳವೆ ಆಯಿತು, ಉಳಿದೆರಡಕ್ಕೆ ಮೇಸ್ತ್ರಿ ಮಳೆ ಬಿಟ್ಟ ಮೇಲೆ ಬರುತ್ತಾರೆ.

ವಿರಾಜಪೇಟೆ ಮೂಲದ ವೈದ್ಯೆ:

ಶಸ್ತ್ರಚಿಕಿತ್ಸೆಗೆ ಹೋಗುವಾಗ ದಮ್ಮಿನ ಇನ್ಹೇಲರ್ ಜೊತೆಗಿರಲಿ, ಅದನ್ನು ಒಂದು ದಿನವೂ ತಪ್ಪಿಸಬೇಡಿ. ನೋವಿನ ಮಾತ್ರೆಯ ಬಗ್ಗೆ ಅರಿವಳಿಕೆ ವೈದ್ಯರಿಗೆ ನೀವೇ ಮುಂದಾಗಿ ಹೇಳಿ. ಅವರು ಕೇಳಲೆಂದು ಕಾಯಬೇಡಿ.